ಕೊರೆಯುವ ಚಳಿಯಲ್ಲಿ ಬೈಕ್ ಮೇಲೆ ಆಟಿಕೆ ಮೆರವಣಿಗೆಗೆ: ಹೊರಡುವುದರಿಂದ ಮನೆ ಸೇರುವವರೆಗೆ

ಡಿಸೆಂಬರ್ ತಿಂಗಳ ಮೊದಲ ಭಾನುವಾರ ಶಿಕಾಗೋದ ವೆಸ್ಟರ್ನ್ ಅವೆನ್ಯೂ ಉದ್ದಕ್ಕೂ ಬೈಕ್ ಸವಾರರು ಮಕ್ಕಳಿಗಾಗಿ ಆಟಿಕೆ ಹೊತ್ತು ಸಾಗುತ್ತಾರೆ. ಇದು ‘ಟಾಯ್ಸ್ ಫಾರ್ ಟಾಟ್ಸ್’ ಮೆರವಣಿಗೆ. ಶಿಕಾಗೋ ಸುತ್ತಲಿನ ನೇಪರ್‌ವಿಲ್, ಅರೋರಾ, ಶಾಂಬರ್ಗ್ ಕಡೆಯ ನಮ್ಮ ಕನ್ನಡಿಗರಿಗೂ ಇದಕ್ಕೆ ಹೋಗುವ ಆಸೆ. ಆದರೆ ತೊಂದರೆಗೆ ಸಿಕ್ಕಿಕೊಂಡವರ ಕತೆ ಹೆಚ್ಚುಕಡಿಮೆ ಒಂದೇ ತರ ಇರುತ್ತದೆ: ಹೈವೇಯಲ್ಲಿ ಹೇಗೋ ಹೋಗಿ ಮುಟ್ಟಿದೆ, ಅಲ್ಲಿ ಕಾಯುತ್ತಾ ನಿಂತಾಗ ಕಾಲು ಮರಗಟ್ಟಿತು, ಸಾಲು ಹೊರಡುವಷ್ಟರಲ್ಲಿ ಬ್ಯಾಟರಿ ಸತ್ತಿತ್ತು, ವಾಪಸು ಬರುವಾಗ ಬ್ರೇಕ್ ಹಿಡಿಯಲು ಬೆರಳು ಬಗ್ಗಲಿಲ್ಲ.

ಹೈವೇಯ ಚಳಿಗೆ ಎಲ್ಲರೂ ತಯಾರಾಗಿಯೇ ಹೊರಡುತ್ತಾರೆ. ಸವಾರರನ್ನು ಕೆಡವುವುದು ನಿಂತಾಗ ಹಿಡಿಯುವ ಚಳಿ, ಮತ್ತು ದಣಿದ ಮೈಯಲ್ಲಿ ಮನೆಗೆ ಹಿಂತಿರುಗುವಾಗಿನ ಚಳಿ. ಕೆಳಗಿನ ಹಂತಗಳೆಲ್ಲ ಆ ಎರಡನ್ನೇ ಕಣ್ಣ ಮುಂದಿಟ್ಟುಕೊಂಡು ಬರೆದವು. ಕ್ರಮ ತಪ್ಪಿಸಬೇಡಿ.

ಹಂತ 1: ಹೋಗಬೇಕೋ ಬೇಡವೋ, ಗುರುವಾರವೇ ಬರೆದಿಡಿ

ಭಾನುವಾರ ಬೆಳಿಗ್ಗೆ ಗೆಳೆಯರು ಮನೆ ಮುಂದೆ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿರುವಾಗ ತೆಗೆದುಕೊಂಡ ತೀರ್ಮಾನ ತೀರ್ಮಾನವೇ ಅಲ್ಲ. ಗುರುವಾರವೇ ಕಾಗದದಲ್ಲಿ ಬರೆದು ಮನೆಯವರ ಕೈಗೆ ಕೊಡಿ. ಈ ಕೆಳಗಿನ ಯಾವುದಾದರೂ ಒಂದು ಇದ್ದರೂ ಬೈಕ್ ಹೊರಗೆ ತೆಗೆಯಬೇಡಿ:

- ರಸ್ತೆ ಒದ್ದೆ ಇದೆ, ಜೊತೆಗೆ ಉಷ್ಣಾಂಶ ಶೂನ್ಯ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗಿದೆ
- ಹಿಮ ಅಥವಾ ಹೆಪ್ಪುಗಟ್ಟುವ ಮಳೆಯ ಮುನ್ಸೂಚನೆ ಇದೆ, ಅದು ನೀವು ವಾಪಸಾಗುವ ಹೊತ್ತಿಗೇ ಆದರೂ ಸರಿ
- ಮನೆಯ ಮುಂದಿನ ರಸ್ತೆಯಲ್ಲೇ ಬಿಳಿ ಪದರ ಕಾಣುತ್ತಿದೆ
- ಉಷ್ಣಾಂಶ ಮೈನಸ್ 7 ಡಿಗ್ರಿಗಿಂತ, ಅಂದರೆ 20 ಫ್ಯಾರನ್‌ಹೀಟ್‌ಗಿಂತ ಕೆಳಗಿದೆ, ಜೊತೆಗೆ ನಿಮ್ಮ ಬಳಿ ವಿದ್ಯುತ್ತಿನಿಂದ ಬಿಸಿಯಾಗುವ ಉಡುಪಿಲ್ಲ

ಹವಾಮಾನ ಆ್ಯಪ್‌ನಲ್ಲಿ ಕಾಣುವ ಅಂಕಿ ನಿಂತವನ ಲೆಕ್ಕ. ಗಾಳಿ ಸೇರಿದರೆ ಮೈಗೆ ತಾಗುವ ಚಳಿ ಬೇರೆ. ಶೂನ್ಯ ಡಿಗ್ರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋದರೆ ತೆರೆದ ಚರ್ಮಕ್ಕೆ ಸುಮಾರು ಮೈನಸ್ 11 ಡಿಗ್ರಿಯಷ್ಟು ಚಳಿ ಹೊಡೆಯುತ್ತದೆ. ಮೈನಸ್ 5 ಇದ್ದರೆ ಸುಮಾರು ಮೈನಸ್ 18. ಬೆಂಗಳೂರಿನ ದಾಖಲೆ ಚಳಿ 1884ರ ಜನವರಿಯ 7.8 ಡಿಗ್ರಿ. ಚಿಕ್ಕಮಗಳೂರು, ಮಡಿಕೇರಿಯ ಮಂಜಿನಲ್ಲಿ ಓಡಿಸಿದ ಅನುಭವ ರಸ್ತೆಯ ತಿರುವಿಗೆ ಒದಗುತ್ತದೆ, ಈ ಚಳಿಗೆ ಒದಗುವುದಿಲ್ಲ.

ಹೋಗಲಾಗದಿದ್ದರೆ ಆಟಿಕೆಗಳನ್ನು ಕಾರಿನಲ್ಲಿ ತೆಗೆದುಕೊಂಡು ಹೋಗಿ ಕೊಡಿ. ಮಗುವಿನ ಕೈಗೆ ಗೊಂಬೆ ತಲುಪಬೇಕು. ಅದು ಎರಡು ಚಕ್ರದ ಮೇಲೆ ಬಂತೋ ನಾಲ್ಕು ಚಕ್ರದ ಮೇಲೆ ಬಂತೋ ಎಂದು ಆ ಮಗು ಕೇಳುವುದಿಲ್ಲ.

ಹಂತ 2: ಒಂದು ತಿಂಗಳ ಮೊದಲು ಬೈಕ್ ನೋಡಿ

ಮೊದಲು ಇನ್ಶೂರೆನ್ಸ್ ಕಾಗದ ತೆಗೆಯಿರಿ. ಚಳಿಗಾಲಕ್ಕೆ ಬೈಕ್ ನಿಲ್ಲಿಸಿಡುವವರಿಗೆಂದೇ ಕೆಲವು ಪಾಲಿಸಿಗಳಿವೆ. ಪ್ರೀಮಿಯಂ ಕಡಿಮೆ, ಆದರೆ ಆ ತಿಂಗಳುಗಳಲ್ಲಿ ರಸ್ತೆಗಿಳಿದರೆ ರಕ್ಷಣೆ ಇಲ್ಲ. ನಿಮ್ಮದು ಅಂಥದ್ದೇ ಎಂದು ಗೊತ್ತಿಲ್ಲದೆ ಹೊರಡಬೇಡಿ.

ಬ್ಯಾಟರಿ. ಮಾಮೂಲಿ ಆಸಿಡ್ ಬ್ಯಾಟರಿ ಶೂನ್ಯ ಡಿಗ್ರಿಯಲ್ಲಿ ತನ್ನ ಶಕ್ತಿಯ ಸುಮಾರು ಮೂರನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ, ಎಂಜಿನ್ ತಿರುಗಿಸಲು ಹೆಚ್ಚು ಶಕ್ತಿ ಬೇಕಾಗುತ್ತದೆ. ರಾತ್ರಿಯಿಡೀ ನಿಂತ ಬೈಕಿನ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಪೂರ್ತಿ ಚಾರ್ಜ್ ಮಾಡಿ ಒಂದು ದಿನ ಬಿಟ್ಟ ಮೇಲೂ 12.4ಕ್ಕಿಂತ ಕೆಳಗಿದ್ದರೆ ಅಂಗಡಿಗೆ ಒಯ್ದು ಲೋಡ್ ಟೆಸ್ಟ್ (ಹೊರೆ ಹಾಕಿ ಬ್ಯಾಟರಿ ತಡೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಿ. ಲಿಥಿಯಂ ಬ್ಯಾಟರಿ ಇದ್ದವರು ಸ್ಟಾರ್ಟ್ ಮಾಡುವ ಮುಂಚೆ ಒಂದೆರಡು ನಿಮಿಷ ಹೆಡ್‌ಲೈಟ್ ಉರಿಸಬೇಕು. ಆ ಹರಿವಿನಿಂದ ಬ್ಯಾಟರಿ ಒಳಗೇ ಸ್ವಲ್ಪ ಬಿಸಿಯಾಗುತ್ತದೆ.

ಟೈರು. ಉಷ್ಣಾಂಶ ಪ್ರತಿ ಐದೂವರೆ ಡಿಗ್ರಿ ಸೆಲ್ಸಿಯಸ್ ಇಳಿದಂತೆ ಸುಮಾರು 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಕಡಿಮೆಯಾಗುತ್ತದೆ. 20 ಡಿಗ್ರಿಯ ಗ್ಯಾರೇಜಿನಲ್ಲಿ ಸರಿಯಾಗಿ ತುಂಬಿಸಿದ ಟೈರು ಹೊರಗಿನ ಮೈನಸ್ 4ರಲ್ಲಿ 4 ಪಿಎಸ್‌ಐಗಿಂತ ಹೆಚ್ಚು ಕಳೆದುಕೊಂಡಿರುತ್ತದೆ. ಹಾಗಾಗಿ ಹೊರಗಿನ ಚಳಿಯಲ್ಲೇ ಅಳೆದು ತುಂಬಿಸಿ. ಗಾಳಿ ಕಡಿಮೆ ಇದ್ದರೆ ಹಿಡಿತ ಹೆಚ್ಚುತ್ತದೆ ಎಂದು ಬೇಕೆಂದೇ ಇಳಿಸುವವರಿದ್ದಾರೆ, ಆ ಮಾತು ಕೇಳಬೇಡಿ. ಹಳೆಯದಾಗಿ ಗಟ್ಟಿಯಾದ ಟೈರು ಚಳಿಯಲ್ಲಿ ಇನ್ನೂ ಗಟ್ಟಿಯಾಗುತ್ತದೆ, ಮೇಲಿನ ಗೀರುಗಳು ಎಷ್ಟೇ ಆಳ ಇದ್ದರೂ ಜಾರುತ್ತದೆ.

ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ಇರುವ ಬೈಕಾದರೆ ಅರ್ಧ ನೀರು, ಅರ್ಧ ಹೆಪ್ಪುಗಟ್ಟದಂತೆ ತಡೆಯುವ ಆ್ಯಂಟಿಫ್ರೀಜ್ ಇರುವುದನ್ನು ಖಚಿತಮಾಡಿಕೊಳ್ಳಿ. ಬೇಸಿಗೆಯಲ್ಲಿ ಬರೀ ನೀರು ಸುರಿದಿದ್ದರೆ ಅದನ್ನು ಈಗಲೇ ಬದಲಿಸಿ.

ಹಂತ 3: ಬಟ್ಟೆ, ಒಳಗಿನಿಂದ ಹೊರಗೆ

ಮೈಗೆ ತಾಗುವ ಮೊದಲ ಪದರ ಹತ್ತಿಯದ್ದಾಗಬಾರದು. ಹತ್ತಿ ಬನೀನು, ಹತ್ತಿ ಸಾಕ್ಸು ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತವೆ. ನಿಂತ ಕೂಡಲೇ ಆ ಒದ್ದೆ ಮೈಯ ಶಾಖ ಎಳೆದುಕೊಳ್ಳುತ್ತದೆ. ಮೆರಿನೋ ಉಣ್ಣೆ ಅಥವಾ ಬೆವರು ಹೊರಹಾಕುವ ಸಿಂಥೆಟಿಕ್ ಬಟ್ಟೆ ಕೊಳ್ಳಿ. ಅದರ ಮೇಲೆ ಫ್ಲೀಸ್ ಅಥವಾ ಡೌನ್ ಜಾಕೆಟ್. ಎಲ್ಲಕ್ಕಿಂತ ಹೊರಗೆ ಗಾಳಿ ನುಗ್ಗದ ರೈಡಿಂಗ್ ಜಾಕೆಟ್, ಪ್ಯಾಂಟು. ಗಾಳಿಯಾಡುವ ಬಲೆಯಂಥ ಮೆಶ್ ಜಾಕೆಟ್ ಒಳಗೆ ಎಷ್ಟು ಸ್ವೆಟರ್ ತುರುಕಿದರೂ ಉಪಯೋಗವಿಲ್ಲ. ಅದರ ಮೇಲೆ ಮಳೆ ಕೋಟಾದರೂ ಹಾಕಿಕೊಳ್ಳಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಬಿಗಿ. ಎರಡು ಜೊತೆ ದಪ್ಪ ಸಾಕ್ಸ್ ಹಾಕಿ ಬೂಟಿನೊಳಗೆ ಕಾಲು ತುರುಕಿದರೆ ರಕ್ತ ಓಡುವುದಿಲ್ಲ, ಕಾಲು ಇನ್ನೂ ಬೇಗ ಮರಗಟ್ಟುತ್ತದೆ. ಬೂಟಿನೊಳಗೆ ಕಾಲ್ಬೆರಳು ಆಡಿಸಲು ಆಗಬೇಕು. ಗ್ಲೌಸಿಗೂ ಅದೇ ಮಾತು: ಮುಷ್ಟಿ ಬಿಗಿದಾಗ ಬೆರಳ ತುದಿಗೆ ಬಟ್ಟೆ ಒತ್ತಬಾರದು.

ಕತ್ತು ಮತ್ತು ಮಣಿಕಟ್ಟು ಮುಚ್ಚದೆ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಮಣಿಕಟ್ಟಿಗೆ ಹೀಗೆ ಮಾಡಿ: ಒಳ ಬನಿಯನಿನ ತೋಳು ಗ್ಲೌಸಿನೊಳಗೆ ಹೋಗಬೇಕು, ಉದ್ದ ಗ್ಲೌಸಿನ ಬಾಯಿ ಜಾಕೆಟ್ ತೋಳಿನ ಮೇಲೆ ಬರಬೇಕು. ಕನ್ನಡಿಯ ಮುಂದೆ ಕೈಯನ್ನು ಹ್ಯಾಂಡಲ್ ಹಿಡಿದಂತೆ ಚಾಚಿ ನೋಡಿ. ನಿಂತಾಗ ಮುಚ್ಚಿದ್ದ ಚರ್ಮ ಕೈ ಚಾಚಿದಾಗ ಎರಡು ಬೆರಳಗಲ ಇಣುಕುತ್ತದೆ. ಹೈವೇಯಲ್ಲಿ ಗಾಳಿ ಮೊದಲು ನುಗ್ಗುವುದು ಅಲ್ಲಿಗೇ.

ಊರಿನಿಂದ ತಂದ ಉಣ್ಣೆಯ ಮಂಕಿ ಕ್ಯಾಪ್ ಹೆಲ್ಮೆಟ್ ಒಳಗೆ ಬೇಡ. ಅದರ ದಪ್ಪಕ್ಕೆ ಹೆಲ್ಮೆಟ್ ಮೇಲಕ್ಕೆದ್ದು ಕೂರುತ್ತದೆ, ಬಿದ್ದರೆ ಕಾಪಾಡುವುದಿಲ್ಲ. ತೆಳು ರೇಷ್ಮೆ ಅಥವಾ ಸಿಂಥೆಟಿಕ್ ಬಾಲಕ್ಲಾವಾ (ತಲೆ, ಮುಖ, ಕತ್ತು ಮುಚ್ಚುವ ಟೋಪಿ) ಸಾಕು. ಮಂಕಿ ಕ್ಯಾಪನ್ನು ಜೇಬಿನಲ್ಲಿಟ್ಟುಕೊಳ್ಳಿ, ಹಂತ 8ರಲ್ಲಿ ಬೇಕಾಗುತ್ತದೆ.

ಹೆಲ್ಮೆಟ್ಟಿನ ಮುಂದಿನ ಪಾರದರ್ಶಕ ಮುಚ್ಚಳ, ಅಂದರೆ ವೈಸರ್ ಮಂಜಾಗುವುದಕ್ಕೆ ಅದರ ಒಳಬದಿಗೆ ಕೂರಿಸುವ ಪಿನ್‌ಲಾಕ್ ಪದರವೇ ಮದ್ದು. ಸೋಪು, ಶೇವಿಂಗ್ ಕ್ರೀಮ್ ಹಚ್ಚುವ ಉಪಾಯ ಅರ್ಧ ಗಂಟೆಗೆ ಮುಗಿಯುತ್ತದೆ. ಕನ್ನಡಕ ಹಾಕುವವರು ಮೂಗಿನ ಮೇಲೆ ಕೂರುವ ಉಸಿರು ತಡೆಯನ್ನೂ ಹಾಕಿಸಿಕೊಳ್ಳಿ. ಪಿನ್‌ಲಾಕ್ ವೈಸರನ್ನು ಕಾಪಾಡುತ್ತದೆ, ಕನ್ನಡಕವನ್ನಲ್ಲ.

ಹಂತ 4: ವಿದ್ಯುತ್ ಲೆಕ್ಕ

ಮೆರವಣಿಗೆಯಲ್ಲಿ ಕೈಕೊಡುವ ಬೈಕುಗಳ ಹಿಂದೆ ಬಹುಪಾಲು ಇದೇ ಕಾರಣ, ಆದ್ದರಿಂದ ನಿಧಾನವಾಗಿ ಓದಿ.

ಬಿಸಿ ಜಾಕೆಟ್ ಲೈನರ್ (ಜಾಕೆಟ್ ಒಳಗೆ ತೊಡುವ, ವಿದ್ಯುತ್ತಿನಿಂದ ಬಿಸಿಯಾಗುವ ಪದರ) ಸುಮಾರು 75ರಿಂದ 90 ವ್ಯಾಟ್ ಎಳೆಯುತ್ತದೆ. ಬಿಸಿ ಗ್ಲೌಸ್ ಜೊತೆಗೆ ಸುಮಾರು 25, ಬಿಸಿ ಹ್ಯಾಂಡಲ್ ಗ್ರಿಪ್‌ಗಳಿಗೆ 30ರಿಂದ 40. ಮೂರನ್ನೂ ಹಾಕಿದರೆ 130 ವ್ಯಾಟ್ ದಾಟಿತು. ಬೈಕಿನಲ್ಲಿ ವಿದ್ಯುತ್ ತಯಾರಿಸುವ ಆಲ್ಟರ್ನೇಟರ್ ಎಷ್ಟು ಕೊಡುತ್ತದೆ ಎಂದು ಮ್ಯಾನ್ಯುಯಲ್‌ನಲ್ಲಿರುತ್ತದೆ. ಆದರೆ ಅದು ಎಂಜಿನ್ ಜೋರಾಗಿ ತಿರುಗುವಾಗಿನ ಅಂಕಿ. ಐಡಲ್‌ನಲ್ಲಿ, ಅಂದರೆ ನಿಂತಲ್ಲೇ ಎಂಜಿನ್ ಮೆಲ್ಲಗೆ ಓಡುವಾಗ, ಅದರ ಒಂದು ಪಾಲು ಮಾತ್ರ ಸಿಗುತ್ತದೆ. ಮೆರವಣಿಗೆಯೆಂದರೆ ನಿಲ್ಲು, ಹತ್ತು ಅಡಿ ಹೋಗು, ಮತ್ತೆ ನಿಲ್ಲು. ಹೈವೇಯಲ್ಲಿ ಚೆನ್ನಾಗಿ ಸಾಗಿದ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ, ಬ್ಯಾಟರಿಯಿಂದ ಎಳೆಯಲು ಶುರುವಾಗುತ್ತದೆ.

ಹತ್ತು ಡಾಲರಿನೊಳಗೆ ಸಿಗುವ ಚಿಕ್ಕ ವೋಲ್ಟ್‌ಮೀಟರ್ ಹ್ಯಾಂಡಲ್ ಬಳಿ ಹಾಕಿಸಿ. ಎಂಜಿನ್ ಓಡುತ್ತಿರುವಾಗ ಅದು 13 ವೋಲ್ಟ್‌ಗಿಂತ ಕೆಳಗಿಳಿದರೆ ಮೊದಲು ಹೆಚ್ಚುವರಿ ಲೈಟುಗಳನ್ನು, ಆಮೇಲೆ ಗ್ರಿಪ್‌ಗಳನ್ನು ಆರಿಸಿ. ಜಾಕೆಟ್ ಲೈನರನ್ನು ಕೊನೆಗೆ ಆರಿಸಿ: ಎದೆ ಬೆಚ್ಚಗಿದ್ದರೆ ಮೈ ತಾನೇ ಕೈಗೆ ರಕ್ತ ಕಳಿಸುತ್ತದೆ.

ಇಷ್ಟು ಖರ್ಚು ಬೇಡ ಎನ್ನುವವರಿಗೆ ಲೈನರ್ ಒಂದೇ ಸಾಕು. ಇಲ್ಲವೇ ಹ್ಯಾಂಡಲ್ ಮೇಲೆ ಕೂತು ಕೈ ಮುಚ್ಚುವ ಚೀಲದಂಥ ಮಫ್ ಕೊಳ್ಳಿ. ನೋಡಲು ಚೆಂದವಿಲ್ಲ, ಆದರೆ ಗಾಳಿ ತಡೆಯುವುದರಲ್ಲಿ ಅದರ ಮುಂದೆ ದುಬಾರಿ ಗ್ಲೌಸೂ ನಿಲ್ಲುವುದಿಲ್ಲ. ಮಫ್ ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಅಭ್ಯಾಸ ಮಾಡಿ; ಇಂಡಿಕೇಟರ್, ಹಾರ್ನ್ ಕಾಣದೆಯೇ ಕೈಗೆ ಸಿಗಬೇಕು.

ಹಂತ 5: ಆಟಿಕೆ ಆರಿಸಿ, ಕಟ್ಟಿ

ಹೊಸ ಆಟಿಕೆ, ಉಡುಗೊರೆ ಕಾಗದ ಸುತ್ತದೆ ತರಬೇಕು. ಎಲ್ಲರೂ ಟೆಡ್ಡಿ ಬೇರ್ ತರುತ್ತಾರೆ. ಹನ್ನೆರಡು, ಹದಿಮೂರರ ಮಕ್ಕಳ ನೆನಪು ಯಾರಿಗೂ ಇರುವುದಿಲ್ಲ. ಬೋರ್ಡ್ ಗೇಮ್, ಚಿತ್ರಕಲೆಯ ಸೆಟ್, ಗಾಳಿ ತೆಗೆದ ಬಾಸ್ಕೆಟ್‌ಬಾಲ್ ಜೊತೆಗೊಂದು ಪಂಪ್. ಇವೆಲ್ಲ ಚಪ್ಪಟೆಯಾಗಿ ಪ್ಯಾನಿಯರ್ (ಬೈಕಿನ ಬದಿಯ ಪೆಟ್ಟಿಗೆ) ಒಳಗೆ ಕೂರುತ್ತವೆ, ಗಾಳಿಗೂ ಸಿಗುವುದಿಲ್ಲ.

ಭಾರದ್ದು ಕೆಳಗೆ, ಎರಡೂ ಬದಿಗೆ ಸಮನಾಗಿ. ಮೇಲೆ ಕಟ್ಟುವುದಾದರೆ ಪಟ್ಟಿ ಬೆಲ್ಟ್ ಬಳಸಿ. ಕೊಕ್ಕೆಯ ರಬ್ಬರ್ ಹಗ್ಗ ಚಳಿಗೆ ಬಿಗಿ ಕಳೆದುಕೊಳ್ಳುತ್ತದೆ, ಕೊಕ್ಕೆ ಕಿತ್ತುಬಂದರೆ ನೇರ ಹಿಂಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಬೆಲ್ಟಿನ ಉಳಿದ ತುದಿಯನ್ನು ಗಂಟು ಹಾಕಿ ಒಳಗೆ ಸಿಕ್ಕಿಸಿ.

ಹೆಡ್‌ಲೈಟ್ ಮುಂದೆ, ಹ್ಯಾಂಡಲ್ ಮೇಲೆ, ಸೈಲೆನ್ಸರ್ ಪಕ್ಕದಲ್ಲಿ ಏನನ್ನೂ ಕಟ್ಟಬೇಡಿ. ಅಲಂಕಾರದ ಆಸೆ ಇದ್ದರೆ ಗೊಂಬೆಯನ್ನು ಬ್ಯಾಗಿನಲ್ಲಿ ತಂದು, ಸಾಲಿನಲ್ಲಿ ನಿಂತ ಮೇಲೆ ಹಿಂದಿನ ಸೀಟಿಗೆ ಕಟ್ಟಿ. ಕಟ್ಟಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹಿಂದಿನ ಬ್ರೇಕ್ ಲೈಟ್ ಕಾಣುತ್ತಿದೆಯೇ ನೋಡಿ.

ಹಂತ 6: ಹಿಂದಿನ ರಾತ್ರಿ

ಮೆರವಣಿಗೆಗೆ ಹೊಳೆಯಲಿ ಎಂದು ಶನಿವಾರ ಸಂಜೆ ಬೈಕ್ ತೊಳೆಯಬೇಡಿ. ಕೀಲಿಯ ರಂಧ್ರ, ಥ್ರಾಟಲ್ ಕೇಬಲ್, ಸ್ವಿಚ್‌ಗಳೊಳಗೆ ಉಳಿದ ನೀರು ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಕೀಲಿಯೇ ತಿರುಗದೆ ಇರಬಹುದು. ತೊಳೆಯಲೇಬೇಕೆಂದರೆ ಗುರುವಾರ ತೊಳೆದು, ಎಂಜಿನ್ ಬಿಸಿಯಾಗುವಷ್ಟು ಓಡಿಸಿ ಒಣಗಿಸಿ.

ಬ್ಯಾಟರಿಗೆ ಚಾರ್ಜರ್ ಹಾಕಿ. ಟ್ಯಾಂಕ್ ತುಂಬಿಸಿ. ಫೋನಿಗೆ ಪೂರ್ತಿ ಚಾರ್ಜ್, ಅದನ್ನಿಡುವುದು ಒಳಜೇಬಿನಲ್ಲಿ. ಚಳಿಗೆ ಫೋನ್ ತಟ್ಟನೆ ಆರುತ್ತದೆ. ಫ್ಲಾಸ್ಕು, ಎರಡನೇ ಜೊತೆ ಗ್ಲೌಸು, ಒಣ ಸಾಕ್ಸು, ಕೈ ಬೆಚ್ಚಗಿಡುವ ಪೊಟ್ಟಣಗಳು, ಒಂದು ಅಗಲ ರಟ್ಟು, ಸೈಡ್ ಸ್ಟ್ಯಾಂಡಿನ ಕೆಳಗಿಡಲು ಒಂದು ಚಪ್ಪಟೆ ಹಲಗೆ. ಇಷ್ಟನ್ನೂ ರಾತ್ರಿಯೇ ಬ್ಯಾಗಿಗೆ ಸೇರಿಸಿ. ನಿದ್ದೆ ಸರಿಯಾಗಲಿ, ಮದ್ಯ ಬೇಡ.

ಹಂತ 7: ಹೊರಡುವುದು ಮತ್ತು ಹೈವೇ

ಡಿಸೆಂಬರ್ ಆರಂಭದಲ್ಲಿ ಶಿಕಾಗೋದಲ್ಲಿ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ. ನೇಪರ್‌ವಿಲ್‌ನಿಂದ ಸಾಲು ಸೇರುವ ಡ್ಯಾನ್ ರಯನ್ ವುಡ್ಸ್ ಎಂಬ ಕಾಡುಪ್ರದೇಶಕ್ಕೆ ಹೆಚ್ಚುಕಡಿಮೆ 30 ಮೈಲಿ. ಅಂದರೆ ನೀವು ಹೊರಡುವುದು ದಿನದ ಅತಿ ಚಳಿಯ ಹೊತ್ತಿನಲ್ಲೇ. ಸೇರುವ ಸಮಯ, ದಾರಿ ವರ್ಷ ವರ್ಷ ಬದಲಾಗಬಹುದು, ಸಂಘಟಕರ ಪ್ರಕಟಣೆ ನೋಡಿಕೊಳ್ಳಿ.

ಗಂಜಿಯೋ ಉಪ್ಪಿಟ್ಟೋ, ಬಿಸಿಯಾದದ್ದನ್ನು ಹೊಟ್ಟೆ ತುಂಬ ತಿನ್ನಿ. ಮನೆಯೊಳಗೆ ಪೂರ್ತಿ ಬಟ್ಟೆ ಹಾಕಿಕೊಂಡು ಹತ್ತು ನಿಮಿಷ ಓಡಾಡಬೇಡಿ, ಬೆವರುತ್ತೀರಿ. ಕೊನೆಯ ಪದರ ಹೊರಗೆ ಬಂದ ಮೇಲೆ ಹಾಕಿ.

ಬೈಕನ್ನು ಗ್ಯಾರೇಜಿನಿಂದ ಹೊರಗೆ ತಳ್ಳಿ ಆಮೇಲೆ ಸ್ಟಾರ್ಟ್ ಮಾಡಿ. ಚಳಿಯೆಂದು ಬಾಗಿಲು ಹಾಕಿಕೊಂಡು ಒಳಗೇ ಎಂಜಿನ್ ಬಿಸಿ ಮಾಡುವುದು ಪ್ರಾಣ ತೆಗೆಯುವ ಕೆಲಸ; ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ.

ಮೊದಲ ಕೆಲವು ಮೈಲಿ ಟೈರಿಗೆ ಹಿಡಿತವೇ ಇರುವುದಿಲ್ಲವೆಂದು ತಿಳಿದು ಓಡಿಸಿ. ಬ್ರೇಕ್ ಮೆಲ್ಲಗೆ, ಥ್ರಾಟಲ್ ಮೆಲ್ಲಗೆ, ವಾಲಿಸುವುದು ಕಡಿಮೆ. ಹೈವೇಯಲ್ಲಿ ನೇರ ಓಡುವಾಗ ಟೈರು ಮತ್ತೆ ತಣ್ಣಗಾಗುತ್ತದೆ, ಎಕ್ಸಿಟ್ ತಿರುವಿನಲ್ಲಿ ಅದನ್ನು ಮರೆಯಬೇಡಿ.

ಬ್ಲ್ಯಾಕ್ ಐಸ್, ಅಂದರೆ ಸುಲಭಕ್ಕೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ, ಮೊದಲು ಕಟ್ಟುವುದು ಸೇತುವೆ ಮತ್ತು ಫ್ಲೈಓವರ್ ಮೇಲೆ, ಯಾಕೆಂದರೆ ಕೆಳಗಿನಿಂದಲೂ ಗಾಳಿ ಹೊಡೆಯುತ್ತದೆ. ಉಷ್ಣಾಂಶ 3 ಡಿಗ್ರಿಗಿಂತ ಕೆಳಗಿದ್ದರೆ ಪ್ರತಿ ಸೇತುವೆಯನ್ನೂ ಅನುಮಾನಿಸಿ. ಮುಂದಿನ ಕಾರುಗಳಿಂದ ನೀರು ಚಿಮ್ಮುತ್ತಿಲ್ಲ, ಆದರೂ ರಸ್ತೆ ಒದ್ದೆಯಂತೆ ಮಿನುಗುತ್ತಿದೆ ಎಂದರೆ ಅದು ಐಸ್. ಅದರ ಮೇಲೆ ಹೋದದ್ದಾದರೆ ಬ್ರೇಕ್ ಮುಟ್ಟಬೇಡಿ, ಹ್ಯಾಂಡಲ್ ನೇರ ಇಟ್ಟು ಥ್ರಾಟಲ್ ನಿಧಾನಕ್ಕೆ ಬಿಡಿ, ಉರುಳಿ ದಾಟಲಿ. ದಾಟಿದ ಮೇಲೆ ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಸವಾರಿ ಅಲ್ಲಿಗೇ ನಿಲ್ಲಿಸಿ.

ರಸ್ತೆಗೆ ಹಾಕಿದ ಉಪ್ಪು ಒಣಗಿ ಬಿಳಿ ಪುಡಿಯಾಗಿದ್ದರೆ ಅದೂ ಜಾರುತ್ತದೆ, ಬಿರುಕಿಗೆ ಬಳಿದ ಡಾಂಬರಿನ ಗೆರೆಗಳೂ ಜಾರುತ್ತವೆ. ಕಾರಿನ ಚಕ್ರ ಓಡುವ ಜಾಡಿನಲ್ಲೇ ಸಾಗಿ.

ಅರ್ಧ ದಾರಿಯಲ್ಲಿ, ಚೆನ್ನಾಗಿಯೇ ಇದ್ದೇನೆ ಅನಿಸಿದರೂ, ಒಮ್ಮೆ ನಿಂತು ಹತ್ತು ನಿಮಿಷ ಒಳಗೆ ಕೂರಿ. ಚಳಿ ಹಿಡಿದ ಮೇಲೆ ನಿಂತರೆ ಆ ಹತ್ತು ನಿಮಿಷ ಸಾಲುವುದಿಲ್ಲ.

ಹಂತ 8: ಸಾಲಿನಲ್ಲಿ ಕಾಯುವ ಹೊತ್ತು

ಬೈಕ್ ನಿಲ್ಲಿಸಿದಾಗ ಗಾಳಿ ನಿಲ್ಲುತ್ತದೆ, ಹಾಯೆನಿಸುತ್ತದೆ, ಇಲ್ಲೇ ಎಲ್ಲರೂ ಮೈಮರೆಯುವುದು. ಬಿಸಿ ಲೈನರಿಗೆ ಈಗ ವಿದ್ಯುತ್ತಿಲ್ಲ. ಸ್ನಾಯುಗಳಿಗೆ ಕೆಲಸವಿಲ್ಲ. ಬೂಟಿನ ಅಡಿಯಿಂದ ನೆಲ ಶಾಖ ಎಳೆಯುತ್ತಿದೆ.

ಬಂದ ಕೂಡಲೇ, ಚಳಿ ಅನಿಸುವ ಮೊದಲೇ, ಹೀಗೆ ಮಾಡಿ. ಹೆಲ್ಮೆಟ್ ತೆಗೆದು ಮಂಕಿ ಕ್ಯಾಪ್ ಹಾಕಿ. ರಟ್ಟನ್ನು ನೆಲಕ್ಕೆ ಹಾಸಿ ಅದರ ಮೇಲೆ ನಿಲ್ಲಿ. ಸಾಕ್ಸ್ ಒದ್ದೆಯಾಗಿದ್ದರೆ ಬದಲಿಸಿ. ಬಿಸಿ ಪೊಟ್ಟಣಗಳನ್ನು ಗ್ಲೌಸಿನ ಹೊರಬದಿಯ ಜೇಬಿನಲ್ಲಿಡಿ, ಬರಿ ಚರ್ಮಕ್ಕೆ ತಾಗಿಸಬೇಡಿ. ಅವುಗಳಿಗೆ ಗಾಳಿ ಬೇಕು, ಬಿಗಿಯಾದ ಬೂಟಿನೊಳಗೆ ತುರುಕಿದರೆ ಬಿಸಿಯಾಗುವುದೇ ಇಲ್ಲ. ಆಮೇಲೆ ನಡೆಯುತ್ತಿರಿ, ಆದರೆ ಬೆವರುವಷ್ಟಲ್ಲ. ಬಿಸಿ ಚಹಾ ಕುಡಿಯಿರಿ. ಯಾರಾದರೂ ಚಳಿಗೆ ಒಂದು ಗುಟುಕು ಎಂದು ಬಾಟಲಿ ಚಾಚಿದರೆ ಬೇಡವೆನ್ನಿ: ಮದ್ಯ ಚರ್ಮಕ್ಕೆ ರಕ್ತ ತಂದು ಬೆಚ್ಚಗಾದ ಭ್ರಮೆ ಹುಟ್ಟಿಸಿ ಒಳಗಿನ ಶಾಖ ಕಳೆಯುತ್ತದೆ.

ಸೈಡ್ ಸ್ಟ್ಯಾಂಡ್ ಕೆಳಗೆ ಹಲಗೆ ಇಡಿ. ಬೆಳಿಗ್ಗೆ ಕಲ್ಲಿನಂತಿದ್ದ ಮಣ್ಣು ಬಿಸಿಲೇರಿದಂತೆ ಮೆತ್ತಗಾಗಿ ಸ್ಟ್ಯಾಂಡ್ ಇಳಿಯುತ್ತದೆ, ಒಂದು ಬೈಕ್ ಬಿದ್ದರೆ ಪಕ್ಕದ್ದನ್ನೂ ಕೆಡವುತ್ತದೆ.

ಈ ಗುರುತು ಕಂಡರೆ ಅಲ್ಲೇ ನಿಲ್ಲಿಸಿ

ಹೆಬ್ಬೆರಳಿನಿಂದ ಅದೇ ಕೈಯ ಕಿರುಬೆರಳನ್ನು ಮುಟ್ಟಿ ನೋಡಿ. ಮುಟ್ಟಲಾಗದಿದ್ದರೆ ಆ ಕೈ ಬ್ರೇಕ್ ಹಿಡಿಯಲು ಯೋಗ್ಯವಲ್ಲ. ಸಾಲು ಹೊರಟಿದ್ದರೂ ನೀವು ಹೊರಡಬೇಡಿ.

ಬೆರಳು, ಮೂಗು, ಕಿವಿಯ ಚರ್ಮ ಬಿಳಿಚಿ ಮೇಣದಂತಾಗಿ ಸ್ಪರ್ಶವೇ ತಿಳಿಯದಿದ್ದರೆ ಅದು ಫ್ರಾಸ್ಟ್‌ಬೈಟ್‌ನ, ಅಂದರೆ ಚಳಿಗೆ ಚರ್ಮ, ಮಾಂಸ ಹೆಪ್ಪುಗಟ್ಟುವುದರ ಗುರುತು. ಉಜ್ಜಬಾರದು. ಎಂಜಿನ್ನಿಗೋ ಸೈಲೆನ್ಸರಿಗೋ ಕೈ ಹಿಡಿಯುವುದು ಸವಾರರ ದೊಡ್ಡ ತಪ್ಪು. ಮರಗಟ್ಟಿದ ಬೆರಳಿಗೆ ಸುಡುವುದು ಗೊತ್ತಾಗುವುದಿಲ್ಲ. ಒಳಗೆ ಹೋಗಿ, ಕಂಕುಳಲ್ಲಿ ಅಥವಾ ಉಗುರುಬೆಚ್ಚನೆಯ ನೀರಿನಲ್ಲಿ ಕೈ ಇಟ್ಟು, ವೈದ್ಯರಿಗೆ ತೋರಿಸಿ. ಮತ್ತೆ ಚಳಿಗೆ ಒಡ್ಡಬೇಡಿ.

ಜೊತೆಗಾರ ತಡವರಿಸಿ ಮಾತಾಡುತ್ತಿದ್ದಾನೆ, ಕೀಲಿ ಕೈತಪ್ಪುತ್ತಿದೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಿದ್ದಾನೆ ಎಂದರೆ ಮೈಯ ಒಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿದಿರಬಹುದು. ನಡುಗುತ್ತಿದ್ದವನು ನಡುಕ ನಿಲ್ಲಿಸಿದರೆ ಸುಧಾರಿಸಿಕೊಂಡ ಎಂದುಕೊಳ್ಳಬೇಡಿ, ಅದು ಇನ್ನೂ ಕೆಟ್ಟ ಗುರುತು. ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಆ ಸ್ಥಿತಿಯಲ್ಲಿರುವವರಿಗೆ ತಾವು ಕೆಟ್ಟಿರುವುದು ತಿಳಿಯುವುದಿಲ್ಲ, ಹಾಗಾಗಿ ಇಬ್ಬಿಬ್ಬರು ಜೋಡಿಯಾಗಿ ಒಬ್ಬರನ್ನೊಬ್ಬರು ಮಾತಾಡಿಸುತ್ತಿರಿ.

ಹಂತ 9: ಮೆರವಣಿಗೆ

ಇಲ್ಲಿ ಬೇಕಾದದ್ದು ಕ್ಲಚ್ ಅಭ್ಯಾಸ. ದಪ್ಪ ಗ್ಲೌಸಿನಲ್ಲಿ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದು ಸರಿಯಾಗಿ ತಿಳಿಯುವುದಿಲ್ಲ, ಎಡಗೈ ಬೇಗ ಸೋಲುತ್ತದೆ. ಸಾಲು ನಿಂತಾಗಲೆಲ್ಲ ನ್ಯೂಟ್ರಲ್‌ಗೆ ಹಾಕಿ ಕೈ ಬಿಡಿಸಿ. ಮುಂದಿನ ಬೈಕಿನ ನೇರ ಹಿಂದೆ ಬೇಡ, ಓರೆಯಾಗಿ ನಿಲ್ಲಿ. ರಸ್ತೆ ಬದಿಯಲ್ಲಿ ಮಕ್ಕಳು ನಿಂತಿರುತ್ತಾರೆ, ಯಾವ ಕ್ಷಣದಲ್ಲಾದರೂ ಓಡಿಬರಬಹುದು. ಕೈ ಬೀಸುವ ಆಸೆಗೆ ಬ್ರೇಕಿನ ಕೈ ತೆಗೆಯಬೇಡಿ. ವೋಲ್ಟ್‌ಮೀಟರ್ ಮೇಲೆ ಕಣ್ಣಿರಲಿ.

ಹಂತ 10: ವಾಪಸು

ಆಟಿಕೆ ಕೊಟ್ಟ ಕೂಡಲೇ ನೇರ ಹೈವೇ ಹತ್ತುವುದು ಬೇಡ. ಮೊದಲು ಯಾವುದಾದರೂ ಹೋಟೆಲಿನೊಳಗೆ ಕೂತು ಬಿಸಿ ಊಟ ಮಾಡಿ, ಗ್ಲೌಸನ್ನು ಒಣಗಲು ಬಿಡಿ. ಪೂರ್ತಿ ಬೆಚ್ಚಗಾಗಲು ಅರ್ಧ ಗಂಟೆಯಾದರೂ ಬೇಕು.

ಆದರೆ ಮಾತಿನಲ್ಲಿ ಮುಳುಗಬೇಡಿ. ಆ ವಾರ ಶಿಕಾಗೋದಲ್ಲಿ ಸೂರ್ಯ ಮುಳುಗುವುದು ಸಂಜೆ 4 ಗಂಟೆ 20 ನಿಮಿಷಕ್ಕೆ. ಹಗಲು ಕರಗಿದ ಹಿಮದ ನೀರು ಅಲ್ಲಿಂದಾಚೆಗೆ ಮತ್ತೆ ಹೆಪ್ಪುಗಟ್ಟುತ್ತದೆ. ಮೂರು ಗಂಟೆಗೆ ಮನೆ ಸೇರುವ ಲೆಕ್ಕದಲ್ಲಿ ಹೊರಡಿ. ತಡವಾದರೆ ಬೈಕನ್ನು ಪರಿಚಯದವರ ಮನೆಯಲ್ಲಿ ಬಿಟ್ಟು ಟ್ಯಾಕ್ಸಿ ಹಿಡಿಯಿರಿ, ಮರುದಿನ ಮಧ್ಯಾಹ್ನ ಬಂದು ಒಯ್ಯಿರಿ. ಹಂತ 1ರ ಕಾಗದ ವಾಪಸಿಗೂ ಅನ್ವಯಿಸುತ್ತದೆ.

ಹಂತ 11: ಬೈಕಿನ ಉಪ್ಪು ತೊಳೆಯುವುದು

ಉಪ್ಪು ಅಂಟಿದ ಬೈಕನ್ನು ಹಾಗೇ ಮುಚ್ಚಿಟ್ಟರೆ ವಸಂತದಲ್ಲಿ ಅಲ್ಯೂಮಿನಿಯಂ ಮೇಲೆ ಬಿಳಿ ಹುಣ್ಣು, ಬೋಲ್ಟಿನ ಮೇಲೆ ತುಕ್ಕು ಕಾಣುತ್ತೀರಿ. ಶೂನ್ಯಕ್ಕಿಂತ ಮೇಲಿರುವ ಮೊದಲ ದಿನವೇ ತಣ್ಣೀರಿನಲ್ಲಿ ತೊಳೆಯಿರಿ. ಮಡ್‌ಗಾರ್ಡಿನ ಒಳಬದಿ, ರೇಡಿಯೇಟರ್, ಬ್ರೇಕ್ ಕ್ಯಾಲಿಪರ್ ಬಿಡಬೇಡಿ. ಒತ್ತಡದ ಪೈಪನ್ನು ಬೇರಿಂಗ್‌ಗಳಿಗೆ ಹಿಡಿಯಬೇಡಿ. ಒಣಗಿದ ಮೇಲೆ ಚೈನಿಗೆ ಎಣ್ಣೆ, ಬೋಲ್ಟುಗಳಿಗೆ ತುಕ್ಕು ತಡೆಯುವ ಸ್ಪ್ರೇ. ಬ್ರೇಕ್ ಡಿಸ್ಕಿನ ಮೇಲೆ ಮಾತ್ರ ಅದು ಬೀಳಬಾರದು.

ಮಾರ್ಚ್‌ವರೆಗೆ ಮತ್ತೆ ತೆಗೆಯುವುದಿಲ್ಲವೆಂದಾದರೆ ಟ್ಯಾಂಕ್ ತುಂಬಿಸಿ ಪೆಟ್ರೋಲ್ ಕೆಡದಂತೆ ತಡೆಯುವ ಫ್ಯುಯೆಲ್ ಸ್ಟೆಬಿಲೈಸರ್ ಹಾಕಿ, ಅದು ಎಂಜಿನ್ ತಲುಪುವಂತೆ ಬೈಕನ್ನು ಹೊರಗೆ ನಿಲ್ಲಿಸಿ ಹತ್ತು ನಿಮಿಷ ಓಡಿಸಿ, ಬ್ಯಾಟರಿಯನ್ನು ಟೆಂಡರಿಗೆ (ಚಾರ್ಜ್ ಇಳಿಯದಂತೆ ನೋಡಿಕೊಳ್ಳುವ ಚಾರ್ಜರಿಗೆ) ಸಿಕ್ಕಿಸಿ.